ಜಪಾನಿನ ಥಿಯೇಟರಿನಲ್ಲಿ ನಮ್ಮ ಜಗಲಿ

ತ್ಯಾಮಗೊಂಡ್ಲು

ಶುಕ್ರವಾರಕ್ಕೆಂದು ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಫೋನು ಬಡಿದುಕೊಂಡಿತು. ಕೈಯೆಲ್ಲ ಹುಣಸೆ ರಸ. ಕಿರುಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿ, ಸ್ಪೀಕರಿಗೆ ಹಾಕಿದೆ.

"ಆಂಟೀ, ನಿಮ್ ಕೈ ಜಪಾನಿಗೆ ಹೋಗ್ತಿದೆ! ನೀವೂ ಹೊರಡಿ" ಎಂದಳು ಸಹನಾ.

ಸಹನಾ ಹೊಸಕೋಟೆಯ ಹುಡುಗಿ, ನಮ್ಮ ಯಜಮಾನರ ಸ್ನೇಹಿತರ ಮಗಳು. ಹೋದ ವರ್ಷ ನಮ್ಮ ಮನೆಯಲ್ಲೇ ಬೀಡುಬಿಟ್ಟು ಒಂದು ಸಿನಿಮಾ ತೆಗೆದಿದ್ದಳು. ಕಥೆ ಏನೆಂದು ಕೇಳಿದ್ದಕ್ಕೆ "ಒಬ್ರು ಗೃಹಿಣಿ ಕಥೆ ಆಂಟಿ, ನಿಮ್ಮಂಥೋರದ್ದೇ" ಎಂದಿದ್ದಳು. ನಾಯಕಿಯಾಗಿ ಬಂದ ಹುಡುಗಿ ನೋಡಲು ಲಕ್ಷಣವಾಗಿದ್ದಳು, ಆದರೆ ಅವರೆಕಾಳು ಹಿತುಕಲು ಬಾರದು, ಮುದ್ದೆ ಕಟ್ಟಲು ಬಾರದು, ರಂಗೋಲಿಯ ಎಳೆ ಬಿಡಹೋದರೆ ಹಿಟ್ಟು ಚೆಲ್ಲಿದಂತಾಗುತ್ತಿತ್ತು. ಕೊನೆಗೆ ಮುಖ ಅವಳದು, ಕೈ ನನ್ನದು ಎಂದಾಯಿತು. ಅವಳ ಬಳೆಗಳನ್ನೇ ನನಗೆ ತೊಡಿಸಿ, ಮೊಣಕೈವರೆಗೆ ಮಾತ್ರ ಕಾಣುವಂತೆ ಕ್ಯಾಮೆರಾ ಹಿಡಿದಿದ್ದರು. ಆ ಸಿನಿಮಾವನ್ನು ಈಗ ಜಪಾನಿನ ಯಾವುದೋ ಕಡಲತೀರದ ಊರಿನ ಚಿತ್ರೋತ್ಸವದವರು ಆರಿಸಿಕೊಂಡಿದ್ದರು. ಆ ಕೈ ಯಾರದೆಂದು ಕೇಳಿ ತಿಳಿದುಕೊಂಡು, ಅವರನ್ನೂ ಕರೆತನ್ನಿ ಎಂದು ಬರೆದಿದ್ದರಂತೆ.

ಮನೆ ಬಿಟ್ಟುಕೊಡುವಾಗ ನಾನು ಎರಡೇ ಮಾತು ಹೇಳಿದ್ದೆ. ದೇವರ ಮನೆಯ ಹತ್ತಿರ ಚಪ್ಪಲಿ ಬರಕೂಡದು. ಮನೆಯೊಳಗೆ ಸಾವು ತೋರಿಸಕೂಡದು. ಸುಳ್ಳು ಸಾವಾದರೂ ಸಾವೇ. ನಾವು ದೀಪ ಹಚ್ಚುವ ಮನೆ. ಸಹನಾ ಎರಡಕ್ಕೂ ತಲೆಯಾಡಿಸಿದ್ದಳು.

ಮಾನಸ ಸರೋವರಕ್ಕೆ ಹೋಗಬೇಕೆಂದು ಮಾಡಿಸಿ, ಹೋಗಲಾಗದೆ ಬೀರುವಿನಲ್ಲಿ ಮಲಗಿದ್ದ ಪಾಸ್‌ಪೋರ್ಟು ನನ್ನ ಹತ್ತಿರ ಇತ್ತು. ಪುಣ್ಯಕ್ಕೆ ಅದರ ಅವಧಿ ಮುಗಿದಿರಲಿಲ್ಲ. ಯಜಮಾನರಿಗೂ ಇತ್ತು. "ನೀವೂ ಬನ್ನಿ" ಎಂದೆ.

"ಗಿರಣಿ ಯಾರು ನೋಡ್ಕೊತಾರೆ? ನೀನು ಹೋಗ್ಬಾ" ಎಂದರು. ನಮ್ಮದು ಹಿಟ್ಟಿನ ಗಿರಣಿ. ಆಮೇಲೆ, ಹೊರಡುವ ಹಿಂದಿನ ದಿನ, ಸೂಟ್‌ಕೇಸಿನ ಮೇಲೆ ಕೂತು ಜಿಪ್ಪು ಎಳೆಯುತ್ತಾ, "ಅಲ್ಲಿ ಊರು ನೋಡು, ದೇವಸ್ಥಾನ ನೋಡು. ಆ ಪಿಕ್ಚರ್ ನೋಡ್ಲೇಬೇಕು ಅಂತೇನಿಲ್ಲ" ಎಂದರು.

ಪಿಕ್ಚರ್ ನೋಡಲೆಂದೇ ಕರೆದವರ ಮುಂದೆ ಕಣ್ಣು ಮುಚ್ಚಿ ಕೂರಲೇ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ದೇವನಹಳ್ಳಿಯಿಂದ ಮೇಲಕ್ಕೆ

ದೇವನಹಳ್ಳಿ ನಮಗೆ ತೀರ ದೂರವಲ್ಲ. ಮೇಲೆ ಹೋಗುವ ವಿಮಾನಗಳ ಹೊಟ್ಟೆ ನೋಡಿಯೇ ಇಷ್ಟು ವರ್ಷ ಬಟ್ಟೆ ಒಣಗಿಸಿದ್ದೇನೆ. ಒಳಗೆ ಕೂತದ್ದು ಇದೇ ಮೊದಲು. ವಿಮಾನ ಏಳುವಾಗ ವೆಂಕಟರಮಣನನ್ನು ನೆನೆದು ಕಣ್ಣು ಮುಚ್ಚಿದವಳು, ಬಿಟ್ಟಾಗ ನೋಡಿದರೆ, ಪ್ರತಿ ಸೀಟಿನ ಬೆನ್ನಿಗೂ ಒಂದೊಂದು ಪುಟ್ಟ ಟಿವಿ. ಒಬ್ಬೊಬ್ಬರಿಗೆ ಒಂದೊಂದು ಸಿನಿಮಾ. ನನ್ನ ಎಡಗಡೆಯಾತ ಕಿವಿಗೆ ಏನೋ ಸಿಕ್ಕಿಸಿಕೊಂಡು ಬಿದ್ದುಬಿದ್ದು ನಗುತ್ತಿದ್ದ. ಮುಂದಿನ ಸೀಟಿನ ಹೆಂಗಸು ಮೂಗೊರೆಸಿಕೊಳ್ಳುತ್ತಾ ಅಳುತ್ತಿದ್ದಳು. ಯಾಕೆ ನಗು, ಯಾಕೆ ಅಳು ಎಂದು ಪಕ್ಕದವರಿಗೆ ತಿಳಿಯದು. ನನಗೆ ಗಾಬರಿಯೇ ಆಯಿತು.

ನಾನು ಸಿನಿಮಾ ನೋಡಲು ಕಲಿತದ್ದು ಟೆಂಟಿನಲ್ಲಿ, ನೆಲದ ಮರಳ ಮೇಲೆ ಕೂತು. ದೇವರ ಸಿನಿಮಾ ಬಂದರೆ ನಮ್ಮಮ್ಮ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದಳು. ದೇವರು ಪ್ರತ್ಯಕ್ಷವಾದ ಕೂಡಲೇ ಹೆಂಗಸರೆಲ್ಲ ಕೈಮುಗಿಯುವರು, ಕೆಲವರು ಮಡಿಲಿನ ಮಗುವಿನ ಕೈಯನ್ನೂ ಹಿಡಿದು ಮುಗಿಸುವರು. ಕೇಡಿಗ ಬಾಗಿಲ ಹಿಂದೆ ನಿಂತಿದ್ದರೆ "ಹಿಂದೆ ಇದ್ದಾನೆ ನೋಡವ್ವಾ!" ಎಂದು ನಾಯಕಿಗೆ ಕೂಗಿ ಹೇಳುವರು. ಯಾರಿಗೋ ಅಳು ಬಂದರೆ ಸುತ್ತಲಿನವರಿಗೂ ಬರುತ್ತಿತ್ತು. ಸಿನಿಮಾ ಎಂದರೆ ಊಟದ ಪಂಕ್ತಿಯ ಹಾಗೆ, ಎಲ್ಲರಿಗೂ ಒಂದೇ ಸಲ ಬಡಿಸಬೇಕು ಎಂದು ನಾನು ತಿಳಿದವಳು. ಇಲ್ಲಿ ಎಲ್ಲರೂ ಅವರವರ ಡಬ್ಬಿ ಬಿಚ್ಚಿಕೊಂಡು ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದಂತಿತ್ತು.

"ನಿಮಗೂ ಒಂದು ಹಾಕ್ಕೊಡ್ಲಾ ಆಂಟಿ?" ಎಂದಳು ಸಹನಾ.

"ಬೇಡ ಕಣೇ. ಒಬ್ಳೇ ಅಳೋಕೆ ಇಷ್ಟು ಎತ್ತರಕ್ಕೆ ಯಾಕೆ ಬರ್ಬೇಕಿತ್ತು" ಎಂದೆ.

ಅನ್ನದ ಬಟ್ಟಲು

ಆ ಊರಿನ ಥಿಯೇಟರನ್ನು ನಡೆಸುವವರು ಹರುಕೊ ಎಂಬ ಅಜ್ಜಿ. ಟಿಕೆಟ್ಟು ಹರಿಯುವುದೂ ಅವರೇ, ಕಸ ಗುಡಿಸುವುದೂ ಅವರೇ. ನಮ್ಮನ್ನು ಮನೆಗೇ ಊಟಕ್ಕೆ ಕರೆದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬನ್ನಿ ಎಂದಾಗ ನನಗೆ ಅರ್ಧ ಜೀವ ಬಂದಂತಾಯಿತು. ಭಾಷೆ ತಿಳಿಸಲು ಒಬ್ಬ ಹುಡುಗಿ ಇದ್ದಳು. ಅಜ್ಜಿಯ ಮಾತನ್ನು ಅವಳು ಇಂಗ್ಲಿಷಿಗೆ ತರುವಳು, ಸಹನಾ ಅದನ್ನು ಕನ್ನಡಕ್ಕೆ ತರುವಳು. ಹೀಗೆ ಕೈ ಬದಲಾಗಿ ಬರುವ ಹೊತ್ತಿಗೆ ಬಿಸಿ ಮಾತು ಆರಿರುತ್ತಿತ್ತು.

ನಾನು ಮೀನು, ಮಾಂಸ ತಿನ್ನುವುದಿಲ್ಲವೆಂದು ತಿಳಿದು ಅನ್ನ, ಬೇಯಿಸಿದ ಕುಂಬಳಕಾಯಿ, ಹುಳಿ ಉಪ್ಪಿನಕಾಯಿಯಂಥದ್ದು ಒಂದು, ಇಷ್ಟು ಇಟ್ಟಿದ್ದರು. ಬಟ್ಟಲು ತುಂಬ ಬಿಳಿ ಅನ್ನ ಕಂಡು ಕಣ್ಣು ತುಂಬಿತು. ಎರಡು ಕಡ್ಡಿಗಳನ್ನು ಕೈಗೆ ಕೊಟ್ಟರು. ನನಗೆ ಉಣ್ಣುವ ಮೊದಲು ಕೈಮುಗಿಯುವ ಅಭ್ಯಾಸ. ಕೈಯಲ್ಲಿ ಕಡ್ಡಿ ಇದ್ದರೆ ಮುಗಿಯುವುದು ಹೇಗೆ? ಎರಡನ್ನೂ ಅನ್ನದ ನಡುವೆ ನೆಟ್ಟಗೆ ಚುಚ್ಚಿ ನಿಲ್ಲಿಸಿ, ಕಣ್ಣು ಮುಚ್ಚಿ, ಅನ್ನಪೂರ್ಣೆಯನ್ನು ನೆನೆದೆ.

ಕಣ್ಣು ಬಿಟ್ಟಾಗ ಅಜ್ಜಿಯ ಮುಖ ಬಿಳುಚಿಕೊಂಡಿತ್ತು. ಮೆಲ್ಲಗೆ ಕೈ ಚಾಚಿ ಕಡ್ಡಿಗಳನ್ನು ಕಿತ್ತು ಪಕ್ಕಕ್ಕೆ ಅಡ್ಡ ಇಟ್ಟರು. ಏನೋ ಹೇಳಿದರು. ಹುಡುಗಿ ಸಂಕೋಚದಿಂದ ಸಹನಾಳಿಗೆ ಹೇಳಿದಳು. ಸಹನಾ ನನಗೆ ಹೇಳಲೋ ಬೇಡವೋ ಎಂದು ತುಟಿ ಕಚ್ಚಿಕೊಂಡಳು.

"ಏನಂತೆ, ಹೇಳೇ."

"ಅದು... ಅನ್ನಕ್ಕೆ ಹಂಗೆ ಕಡ್ಡಿ ಚುಚ್ಚೋದು ಸತ್ತೋರ ಮುಂದೆ ಇಡೋ ಅನ್ನಕ್ಕಂತೆ ಆಂಟಿ. ಬೇರೆ ಯಾವಾಗ್ಲೂ ಮಾಡಲ್ವಂತೆ."

ದೇವರಿಗೆ ಕೈಮುಗಿಯಲು ಹೋಗಿ ಪಿಂಡ ಇಟ್ಟುಬಿಟ್ಟೆನಲ್ಲ! ಅಜ್ಜಿ ನನ್ನ ಬೆನ್ನು ಸವರಿ, ಆ ಬಟ್ಟಲನ್ನೇ ತೆಗೆದು, ಬೇರೆ ಬಟ್ಟಲಲ್ಲಿ ಬೇರೆ ಅನ್ನ ತಂದಿಟ್ಟರು. ಅನ್ನವನ್ನು ಹಾಗೆ ಬದಲಾಯಿಸಿದ್ದು ನೋಡಿ, ಇವರಿಗೂ ನಮ್ಮ ಹಾಗೆ ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವ ಎಂದು ಸಮಾಧಾನವೂ ಆಯಿತು, ಭಯವೂ ಆಯಿತು.

ಥಿಯೇಟರು

ಮಾರನೆಯ ದಿನ ಮಧ್ಯಾಹ್ನ ನಮ್ಮ ಸಿನಿಮಾ. ಥಿಯೇಟರು ನಮ್ಮ ನೆಲಮಂಗಲದ ಕಲ್ಯಾಣ ಮಂಟಪದ ಊಟದ ಹಾಲಿಗಿಂತ ಚಿಕ್ಕದು. ಜನ ತುಂಬಿದ್ದರು. ಒಂದು ಕೆಮ್ಮಿಲ್ಲ, ಒಂದು ಮಾತಿಲ್ಲ, ಪೊಟ್ಟಣದ ಸದ್ದಿಲ್ಲ. ಯಾರ ಮೊಬೈಲೂ ಬೆಳಗಲಿಲ್ಲ. ಇದೇನು ಸಿನಿಮಾಕ್ಕೆ ಬಂದಿದ್ದಾರೋ ಪರೀಕ್ಷೆ ಬರೆಯಲು ಬಂದಿದ್ದಾರೋ ಎನಿಸಿತು. ಸಿನಿಮಾ ಶುರುವಾಗಿ ನಮ್ಮ ಅಡಿಗೆಮನೆ ಬೆಳ್ಳಗೆ ಅಷ್ಟಗಲ ಕಂಡಾಗ ನನಗೆ ಕೂಗಿ ಹೇಳಬೇಕೆನಿಸಿತು. ಒಗ್ಗರಣೆ ಡಬ್ಬಿ, ಒರಳು, ಕಿಟಕಿಗೆ ಕಟ್ಟಿದ ಹಳೆ ಸೀರೆ. ಅವರೆಕಾಳು ಹಿತುಕುವ ನನ್ನ ಕೈ ಒಂದೊಂದು ಬೆರಳೂ ಬಾಳೆಕಾಯಿಯಷ್ಟು ದಪ್ಪ. ಸಹನಾಳ ಮೊಣಕೈ ತಿವಿದೆ. ಅವಳು ಬಾಯ ಮೇಲೆ ಬೆರಳಿಟ್ಟಳು.

ಇಂಟರ್‌ವಲ್ ಬರಲೇ ಇಲ್ಲ. ನಾನು ಇಂಟರ್‌ವಲ್ಲಿಗೆಂದು ತಡೆದುಕೊಂಡು ಕೂತವಳು. ಕೇಳಿದರೆ ಈ ಕಡೆಯ ಸಿನಿಮಾಗಳಿಗೆ ಅದಿಲ್ಲವೆಂದಳು ಸಹನಾ. ಇದು ನನಗೆ ಒಪ್ಪಿಗೆಯಲ್ಲ. ನಡುವೆ ಒಮ್ಮೆ ದೀಪ ಹತ್ತಬೇಕು. ಪಕ್ಕದವರ ಮುಖ ನೋಡಬೇಕು, ಒಂದು ಲೋಟ ಕಾಫಿ ಕುಡಿಯಬೇಕು, ಇದೆಲ್ಲ ಸುಳ್ಳು ಎಂದು ಎದೆಗೆ ಒಮ್ಮೆ ನೆನಪಾಗಬೇಕು. ಆ ದಿನ ಅಂಥ ಒಂದು ಇಂಟರ್‌ವಲ್ ಇದ್ದಿದ್ದರೆ ನಾನು ಹೊರಗೆ ಹೋಗಿ ತಡವಾಗಿ ಬರುವಷ್ಟರಲ್ಲಿ ಅದು ದಾಟಿಹೋಗಿರುತ್ತಿತ್ತೇನೋ.

ತೆರೆಯ ಮೇಲೆ ನನ್ನ ಕೈ ಒದ್ದೆ ಬಟ್ಟೆ ಹಿಂಡುತ್ತಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ. ಅಂದು ನಾನು ಒರೆಸಿದ್ದು ನಮ್ಮ ಹಿತ್ತಾಳೆಯ ಕೃಷ್ಣನನ್ನು. ಹಿಂಡಿದ ಬಟ್ಟೆ ಮೇಲಕ್ಕೆ ಹೋಯಿತು. ಕೃಷ್ಣ ಬರಲಿಲ್ಲ. ನಮ್ಮ ಜಗಲಿ ಬಂತು. ಜಗಲಿಯ ಮೇಲೆ ಚಾಪೆ. ಚಾಪೆಯ ಮೇಲೆ, ಮೂಗಿಗೆ ಹತ್ತಿ ಇಟ್ಟು, ಹಣೆಗೆ ನಾಣ್ಯ ಅಂಟಿಸಿ, ಕುತ್ತಿಗೆಗೆ ಹಾರ ಹಾಕಿ ಮಲಗಿಸಿದ್ದ ಹೆಣ. ಮುಖ ಒದ್ದೆಯಾಗಿತ್ತು, ಆಗಷ್ಟೇ ಯಾರೋ ಒರೆಸಿದ ಹಾಗೆ.

ನಮ್ಮ ಯಜಮಾನರು.

"ಅಯ್ಯೋ! ನಮ್ಮೆಜಮಾನ್ರು!"

ಎದ್ದು ನಿಂತಿದ್ದೆ. ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಇಡೀ ಥಿಯೇಟರಿನಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ನಮ್ಮ ಕಡೆಯಾಗಿದ್ದರೆ ಹತ್ತು ಜನ ಹಿಡಿದು ಕೂರಿಸಿ, ಗಾಳಿ ಬೀಸಿ, ನೀರು ಕೊಟ್ಟು, ಯಾವೂರು ಏನು ಎತ್ತ ಎಂದು ವಿಚಾರಿಸಿ ಮುಗಿಸಿರುತ್ತಿದ್ದರು. ಇಲ್ಲಿ ಪಕ್ಕದ ಮುದುಕರೊಬ್ಬರು ತೆರೆಯಿಂದ ಕಣ್ಣು ಕೀಳದೆ, ಮಡಿಸಿದ ಕರವಸ್ತ್ರವನ್ನು ನನ್ನ ಕಡೆ ಚಾಚಿದರು. ಅಷ್ಟೇ. ನನ್ನ ಮಾನ ಉಳಿಸಲೆಂದು ಅವರೆಲ್ಲ ಹಾಗೆ ಕೂತಿದ್ದರೆಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ಮಾತ್ರ, ನನ್ನ ಗಂಡ ಸತ್ತಿದ್ದಾನೆ, ಯಾರಿಗೂ ಏನೂ ಅನಿಸುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಥಿಯೇಟರಿನ ಅಂಗಳ

ಹೊರಗೆ ಬಂದು ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಗಿರಣಿ ಓಡುವಾಗ ಅವರಿಗೆ ಫೋನು ಕೇಳಿಸುವುದಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದರೂ ಹಿಂದಿನ ದಿನದ ಅನ್ನದ ಬಟ್ಟಲು ಕಣ್ಣ ಮುಂದೆ ಬಂತು. ನಾನೇ ಕಡ್ಡಿ ಚುಚ್ಚಿದೆ, ನಾನೇ ಮುಖ ಒರೆಸಿದೆ.

ಸಹನಾ ಹಿಂದೆಯೇ ಓಡಿ ಬಂದಳು. "ಆಂಟಿ, ಅಂಕಲ್ ನಿಮಗೆ ಹೇಳಿಲ್ವಾ? ಹೇಳಿದ್ದೀನಿ, ಏನೂ ಅನ್ಕೊಳಲ್ಲ ಅಂದಿದ್ರು!"

"ಮನೆಯೊಳಗೆ ಸಾವು ಬೇಡ ಅಂದಿರಲಿಲ್ವೇನೇ ನಿನಗೆ?"

"ಒಳಗೆ ಅಲ್ವಲ್ಲ ಆಂಟಿ. ಜಗಲಿ ಹೊರಗೆ ತಾನೆ... ಅಂಕಲ್ಲೇ ಹಂಗಂದ್ರು."

ಹೆಣವನ್ನು ಹೊರಗೇ ಮಲಗಿಸುವುದು ಕಣೇ ಮಗಳೇ, ಸಾವಿಗೆ ಜಗಲಿಯೇ ಒಳಮನೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಹರುಕೊ ಅಜ್ಜಿ ಬಂದರು. ಯಾರ ಮಾತನ್ನೂ ಕೇಳದೆ, ಏಪ್ರನ್ನಿನ ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು, ನನ್ನ ಒಂದು ಭುಜಕ್ಕೆ ಚಿಟಿಕೆ, ಇನ್ನೊಂದು ಭುಜಕ್ಕೆ ಚಿಟಿಕೆ ಎರಚಿ, ಪಾದದ ಬಳಿ ಒಂದಿಷ್ಟು ಉದುರಿಸಿದರು. ಉಪ್ಪು! ಸಾವಿನ ಮನೆಯಿಂದ ಬಂದವರ ಮೇಲೆ ಹೊಸಲಿನಲ್ಲೇ ಹೀಗೆ ಉಪ್ಪು ಹಾಕುವುದು ಅವರ ಕಡೆಯ ಪದ್ಧತಿಯಂತೆ. ನಾವು ದೃಷ್ಟಿ ತೆಗೆಯುವುದೂ ಉಪ್ಪಿನಲ್ಲೇ ತಾನೆ? ಅಜ್ಜಿಯ ಕೈ ಹಿಡಿದುಕೊಂಡೆ. ಸಿನಿಮಾದ ಸಾವಿಗೂ ಉಪ್ಪು ಬೇಕು ಎಂದು ಒಪ್ಪಿದವರು ಈ ಭೂಮಿಯಲ್ಲಿ ಅವರೊಬ್ಬರೇ.

ಆಗ ಫೋನು ಬಂತು.

"ಏನೇ, ಅಷ್ಟೊಂದು ಸಲ ಮಾಡಿದ್ದೀಯ? ಊಟ ಆಯ್ತಾ?" ಹಿಂದೆ ಗಿರಣಿಯ ಪಟ್ಟಿ ತಿರುಗುವ ಸದ್ದು. ಆ ಸದ್ದಿಗೆ ನಾನು ಎಷ್ಟು ಬೈದಿಲ್ಲ. ಅಂದು ಭಜನೆಯಂತೆ ಕೇಳಿಸಿತು.

"ಎಲ್ಲಿದ್ದೀರಿ?"

"ಎಲ್ಲಿರ್ತೀನಿ? ರಾಗಿ ಹಾಕಿದ್ದೀನಿ." ಆಮೇಲೆ ದನಿ ತಗ್ಗಿಸಿದರು. "ನೋಡ್ಬಿಟ್ಯಾ?"

"ನೋಡ್ದೆ."

"ಹೆಂಗ್ ಕಾಣಿಸ್ದೆ?"

"ಹೆಂಗ್ ಕಾಣಿಸ್ದೆ ಅಂತ ಕೇಳ್ತೀರಲ್ಲ, ಬುದ್ಧಿ ಇದೆಯೇನ್ರೀ ನಿಮಗೆ!" ಎಂದು ಅಂಗಳದಲ್ಲೇ ಅತ್ತುಬಿಟ್ಟೆ.

ನಡೆದದ್ದು ಇಷ್ಟು. ಜಗಲಿಯ ದೃಶ್ಯ ತೆಗೆದ ದಿನ ನಾನು ಜಡಿಗೇನಹಳ್ಳಿಗೆ ಅಕ್ಕನ ಮಗಳ ಸೀಮಂತಕ್ಕೆ ಹೋಗಿದ್ದೆ. ಹೆಣವಾಗಲು ಒಪ್ಪಿ ಬಂದಿದ್ದವನು ಹಾರ ಹಾಕಿದ ಕೂಡಲೇ ಹೆದರಿ, ಹತ್ತಿಯನ್ನು ಕಿತ್ತೆಸೆದು ಬಸ್ಸು ಹತ್ತಿದನಂತೆ. ಬಿಸಿಲು ಇಳಿಯುತ್ತಿತ್ತು, ಸಹನಾ ಅಳುವ ಹಾಗಿದ್ದಳಂತೆ. "ಪಾಪ, ಸ್ನೇಹಿತನ ಮಗಳು. ಮತ್ತೆ, ನಮ್ ಜಗಲಿ ಮೇಲೆ ಯಾರೋ ಬೇರೆಯೋನು ಸತ್ತು ಮಲಗೋದು ನಿನಗೆ ಸರಿ ಹೋಗಲ್ಲ ಅನ್ಕೊಂಡೆ. ಅದಕ್ಕೆ ನಾನೇ ಮಲಗ್ದೆ" ಎಂದರು.

ಅವರ ಲೆಕ್ಕಕ್ಕೆ ಅದೊಂದು ಉಪಕಾರ!

ಅಂದೇ ಸಂಜೆ

ಕೋಣೆಯಲ್ಲಿ ಸಹನಾ ಕಾಲು ಮಡಚಿಕೊಂಡು ಕೂತಿದ್ದಳು. "ನೀವು ಬೇಡ ಅಂದ್ರೆ ಆ ಸೀನ್ ತೆಗೆದ್ಬಿಡ್ತೀನಿ ಆಂಟಿ. ಸಿನಿಮಾದ ಜೀವ ಅದೇನೇ, ಆದ್ರೂ ತೆಗೀತೀನಿ." ನಾಳೆ ಇನ್ನೊಂದು ಪ್ರದರ್ಶನವಿತ್ತು. ಆಮೇಲೆ ಬೇರೆ ದೇಶಗಳು, ಆಮೇಲೆ ನಮ್ಮೂರು. ನಮ್ಮ ಯಜಮಾನರು ಊರೂರಿನಲ್ಲಿ, ಕತ್ತಲೆಯಲ್ಲಿ, ಮತ್ತೆ ಮತ್ತೆ ಸಾಯುತ್ತಿರುತ್ತಾರೆ, ಬೀಸಿದ ಹಿಟ್ಟು ತೂಗುತ್ತಾ ಅವರು ಗಿರಣಿಯಲ್ಲಿರುವಾಗ. ತೆಗಿ ಎನ್ನಲು ಬಾಯಿ ತೆರೆದಿದ್ದೆ.

"ಸತ್ತ ಸೀನ್ ಆದ್ಮೇಲೆ ಶಾಂತಿ ಗೀಂತಿ ಏನೂ ಮಾಡಲ್ವೇನೇ ನೀವು?" ಎಂದು ಕೇಳಿದೆ.

"ಮಾಡ್ತೀವಿ ಆಂಟಿ. ಹೆಣ ಆದೋರನ್ನ ಎಬ್ಬಿಸಿ, ಕ್ಯಾಮೆರಾ ನೋಡಿ ನಗ್ಸಿ, ಒಂದು ಶಾಟ್ ತೆಗೀತೀವಿ. ಎಲ್ಲಾ ಶೂಟಿಂಗಲ್ಲೂ ಅದು ಇದ್ದಿದ್ದೇ. ಹಂಗೇ ಬಿಟ್ರೆ ಒಳ್ಳೇದಲ್ಲ ಅಂತ."

"ಇವರದ್ದೂ ತೆಗೆದ್ರಾ?"

ಅವಳು ಲ್ಯಾಪ್‌ಟಾಪು ತೆರೆದಳು. ಅದೇ ಜಗಲಿ, ಅದೇ ಚಾಪೆ. "ಅಂಕಲ್, ಎದ್ದೇಳಿ, ನಗಿ" ಎಂದು ಯಾರೋ ಕೂಗುತ್ತಾರೆ. ಇವರು ಒಂದು ಕಣ್ಣು ತೆರೆಯುತ್ತಾರೆ. ಎದ್ದು ಕೂರುತ್ತಾರೆ. ನಗಲು ಹೋದರೆ ಮೂಗಿನ ಹತ್ತಿಯಿಂದ ಸೀನು ಬರುತ್ತದೆ. ಸೀನಿದ ರಭಸಕ್ಕೆ ಹಣೆಯ ನಾಣ್ಯ ಹಾರಿ ಎಲ್ಲೋ ಬೀಳುತ್ತದೆ. "ಹುಡುಕ್ರೋ, ಅದು ನಮ್ಮನೇದು!" ಎನ್ನುತ್ತಾ, ಹಾರವನ್ನು ಹೆಗಲಿಗೇರಿಸಿಕೊಂಡು, ಕಟ್ಟಿಸಿದ ಹಲ್ಲೆಲ್ಲ ಕಾಣುವ ಹಾಗೆ ನಗುತ್ತಾರೆ.

ಇಷ್ಟು ವರ್ಷದ ಸಂಸಾರದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮತ್ತೊಮ್ಮೆ ಹಾಕಿಸಿದೆ. ಮಗದೊಮ್ಮೆ ಹಾಕಿಸಿದೆ.

"ಸಾವು ಇರ್ಲಿ, ಇದನ್ನೂ ಸೇರಿಸು" ಎಂದೆ.

"ಆಂಟಿ, ಸಿನಿಮಾ ಕೆಟ್ಟೋಗುತ್ತೆ! ಜನ ಅಳ್ತಾ ಇರ್ತಾರೆ, ಅಲ್ಲಿ ಇದನ್ನ..."

"ನಿನ್ ಸಿನಿಮಾ ಕೆಟ್ರೆ ಕೆಡ್ಲಿ. ನನ್ ಗಂಡ ಉಳೀಬೇಕು."

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ, ಸಿನಿಮಾ ಮಾಡಿದವರ ಹೆಸರುಗಳೆಲ್ಲ ಮುಗಿದ ಮೇಲೆ ಹಾಕುತ್ತೇನೆ ಎಂದಳು. ನಾನು ಒಪ್ಪಲಿಲ್ಲ. ಹೆಸರು ಬರುವ ಹೊತ್ತಿಗೆ ಯಾರಿರುತ್ತಾರೆ? ನಮ್ಮ ದೊಡ್ಡಬಳ್ಳಾಪುರದಲ್ಲಿ ನಾಯಕ ನಾಯಕಿ ಕೈ ಹಿಡಿಯುತ್ತಿದ್ದಂತೆ ಬಾಗಿಲು ತೆರೆಯುತ್ತಾರೆ, ಹೆಸರು ಓಡುವಾಗ ಎಲ್ಲರೂ ಸ್ಕೂಟರಿನ ಹತ್ತಿರ ಇರುತ್ತಾರೆ. ಖಾಲಿ ಕುರ್ಚಿಗಳ ಮುಂದೆ ನಕ್ಕು ಏನು ಪ್ರಯೋಜನ?

"ಇಲ್ಲಿ ಯಾರೂ ಏಳಲ್ಲ ಆಂಟಿ. ನಾಳೆ ನೀವೇ ನೋಡಿ."

ಕೊನೆಯ ಹೆಸರು

ಎರಡನೆಯ ದಿನ ನಾನು ಹಿಂದಿನ ಸಾಲಿನಲ್ಲಿ, ಹರುಕೊ ಅಜ್ಜಿಯ ಪಕ್ಕ ಕೂತೆ. ಜಗಲಿ ಬರುವ ಹೊತ್ತಿಗೆ ಕಣ್ಣು ಮುಚ್ಚಿದೆ. ಅಜ್ಜಿ ಕೈ ತಟ್ಟಿ, ದಾಟಿತು ಎಂದು ಸನ್ನೆ ಮಾಡಿದಾಗ ತೆರೆದೆ.

ಕಥೆ ಮುಗಿಯಿತು. ಹೆಸರುಗಳು ಹತ್ತತೊಡಗಿದವು. ಒಬ್ಬರೂ ಏಳಲಿಲ್ಲ. ಕ್ಯಾಮೆರಾ ಹೊತ್ತವನ ಹೆಸರು, ಅಡಿಗೆ ಮಾಡಿದವನ ಹೆಸರು, ವ್ಯಾನು ಓಡಿಸಿದವನ ಹೆಸರು. ಅವರಿಗೆ ಓದಲೂ ಬಾರದ ಆ ಹೆಸರುಗಳಿಗೆಲ್ಲ ದೇವರ ಮುಂದೆ ಕೂತ ಹಾಗೆ ಕೈ ಮಡಿಲಲ್ಲಿಟ್ಟು ಕೂತಿದ್ದರು. ಸಿನಿಮಾಕ್ಕೆ ಇಷ್ಟು ಮರ್ಯಾದೆ ಇರುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಬಾಯಿಬಿಟ್ಟು ನೋಡಿದೆ.

ಕೊನೆಯ ಹೆಸರು ಹೋಗಿ ತೆರೆ ಕಪ್ಪಾಯಿತು. ಆಮೇಲೆ ಲ್ಯಾಪ್‌ಟಾಪಿನಿಂದ ಅದನ್ನು ಹಾಕಿದರು. ಒಂದು ಕಣ್ಣು ತೆರೆಯಿತು. ಎದ್ದು ಕೂತರು. ಸೀನಿದರು. ನಾಣ್ಯ ಹಾರಿತು.

ಮೊದಲು ಒಬ್ಬಳು ಹೆಂಗಸು 'ಕಿಸಕ್' ಎಂದಳು. ಆಮೇಲೆ ಇಡೀ ಥಿಯೇಟರು ನಕ್ಕಿತು, ಆ ಮೌನದ ಜನ ಟೆಂಟಿನ ಜನರಂತೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮುನ್ನಾದಿನದ ಕರವಸ್ತ್ರದ ಮುದುಕರೂ ಮತ್ತೆ ಬಂದಿದ್ದರು, ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ದೀಪ ಹತ್ತಿದ ಮೇಲೆ ಅವರು ಎದ್ದು ನಿಂತು, ನಡುಬಾಗಿ, ಆ ಮನುಷ್ಯ ಯಾರು ಎಂದು ಕೇಳಿದರು.

"ನಮ್ಮ ಯಜಮಾನ್ರು. ಬದುಕಿದ್ದಾರೆ. ಈ ಹೊತ್ತಿನಲ್ಲಿ ರಾಗಿ ಬೀಸ್ತಾ ಇರ್ತಾರೆ" ಎಂದೆ.

ಅದು ಎರಡು ಭಾಷೆ ದಾಟಿ ಹೋಗುವವರೆಗೆ ಕಾದು, ಅವರೆಲ್ಲ ಚಪ್ಪಾಳೆ ತಟ್ಟಿದರು. ಸಹನಾ ನನ್ನ ಕಡೆ ನೋಡಲೇ ಇಲ್ಲ, ಅಳುತ್ತಾ ಮೂಗೊರೆಸಿಕೊಳ್ಳುತ್ತಿದ್ದಳು. ಹೊರಗೆ ಬಂದ ಮೇಲೆ, "ಇಲ್ಲಿ ಹೆಸರಾದ ಮೇಲೆ ಇರ್ಲಿ. ನಮ್ಮೂರಲ್ಲಿ ಹಾಕುವಾಗ ಮಾತ್ರ ಹೆಸರಿಗೆ ಮುಂಚೆ. ನಮ್ಮ ಜನ ಕಾಯಲ್ಲ" ಎಂದೆ.

"ಆಯ್ತು ಡೈರೆಕ್ಟ್ರೇ" ಎಂದಳು.

ಮನೆ

ಹಿಂತಿರುಗಿದಾಗ ಯಜಮಾನರು ಗೇಟಿನಲ್ಲಿ ನಿಂತಿದ್ದರು. ತಲೆ, ಹುಬ್ಬು, ಶರಟು ಎಲ್ಲ ಹಿಟ್ಟು. ಬೈಯಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಅವರ ಮುಖ ನೋಡಿದ ಕೂಡಲೇ ಕೆಳಗೆ ಬಿದ್ದವು. ಬರೀ "ಮೊದಲು ತಲೆಗೆ ಸ್ನಾನ ಮಾಡಿ ಬನ್ನಿ" ಎಂದೆ.

"ನಾನ್ಯಾಕೆ ಮಾಡ್ಲಿ? ಸತ್ತೋನಿಗೆ ಸೂತಕ ಇಲ್ಲ ಕಣೇ, ಉಳಿದೋರಿಗೆ. ನೀನು ಮಾಡು."

ನಗು ಬಂತು, ತಡೆದುಕೊಳ್ಳಲಾಗಲಿಲ್ಲ. ನಾನೇ ತಲೆಗೆ ಸ್ನಾನ ಮಾಡಿದೆ, ದೀಪ ಹಚ್ಚಿದೆ. ಕೃಷ್ಣನ ಮುಖ ಒರೆಸುವಾಗ ಕೈ ಒಂದು ಗಳಿಗೆ ನಿಂತಿತು. ಅಂದು ಇವನನ್ನು ಒರೆಸಿದ್ದು ಅವರ ಮುಖಕ್ಕೆ ಹೋಗಿ ಸೇರಿತಲ್ಲ. ಹೋಗಲಿ, ಕೃಷ್ಣನಿಗೆ ಮಾಡಿದ ಸೇವೆಯಲ್ಲಿ ಅವರಿಗೂ ಒಂದು ಪಾಲು ಸಿಕ್ಕಿತು, ಅದೂ ಒಂದು ಪುಣ್ಯವೇ ಎಂದುಕೊಂಡು ಒರೆಸಿ ಮುಗಿಸಿದೆ.

ಹೊರಗೆ ಬಂದಾಗ ಅವರು ಜಗಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಪೇಪರು ಓದುತ್ತಿದ್ದರು. ನಾನಿಲ್ಲದ ದಿನಗಳ ಧೂಳೆಲ್ಲ ಅಲ್ಲೇ ಕೂತಿತ್ತು. ಬಕೆಟ್ಟಿನ ನೀರಿಗೆ ಅರಿಶಿನ ಕಲಸಿ, ಕಡ್ಡಿಪೊರಕೆ ತಂದು, ಆ ತುದಿಯಿಂದ ತೊಳೆಯುತ್ತಾ ಬಂದೆ. ಅವರ ಹತ್ತಿರ ಬಂದಾಗ "ಕಾಲೆತ್ತಿ" ಎಂದೆ.

ಎತ್ತಿದರು.